ಬಯಲುಸೀಮೆಯ ಮನೆಯನ್ನು ಹಾಯಿದೋಣಿಗೆ ಏರಿಸುವಾಗ

ಮಗಳು ಫೋನ್ ಮಾಡಿ, "ಅವ್ವಾ, ಮನೆ ಬದಲಿಸುತ್ತಿದ್ದೇವೆ" ಎಂದಾಗ, "ನೀರು ದಿನಾ ಬರುತ್ತದೆಯೋ, ಎರಡು ದಿನಕ್ಕೊಮ್ಮೆಯೋ?" ಎಂದು ಕೇಳಿದೆ. ಗಂಗಾವತಿಯಲ್ಲಿ ಬಾಡಿಗೆ ಮನೆ ನೋಡಲು ಹೋದವರು ಮೊದಲು ಕೇಳುವುದೇ ಅದನ್ನು. ಅವಳು ನಕ್ಕು, "ಸುತ್ತಲೂ ನೀರೇ" ಎಂದಳು. ಅಳಿಯಂದಿರು ಹದಿನಾಲ್ಕು ವರ್ಷ ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವರು. ಕೊಚ್ಚಿಯಲ್ಲಿ 38 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದರು. ಒಂಬತ್ತು ವರ್ಷದ ಮೊಮ್ಮಗಳು, ಐದು ವರ್ಷದ ಮೊಮ್ಮಗ ಸೇರಿ ನಾಲ್ವರೂ ಇನ್ನು ಅದರಲ್ಲೇ ಸಂಸಾರ ಮಾಡುವವರು.

ನಮ್ಮ ಯಜಮಾನರು ಕಾಲುವೆ ಕೆಲಸದಲ್ಲಿದ್ದವರು. ಮುನಿರಾಬಾದ್, ಸಿಂಧನೂರು, ಮಾನ್ವಿ, ಕಾರಟಗಿ ಎಂದು ಹನ್ನೊಂದು ಸಲ ಮನೆ ಬಿಚ್ಚಿ ಹನ್ನೊಂದು ಸಲ ಹೂಡಿದ್ದೇನೆ. ಹಾಗಾಗಿ ಸಲಹೆ ಕೊಡುವ ಹಕ್ಕು ನನಗಿದೆ ಎಂದುಕೊಂಡೆ. ಆಮೇಲೆ ಇಪ್ಪತ್ತು ದಿನ ದೋಣಿಯಲ್ಲೇ ಇದ್ದು ನೋಡಿದಾಗ ನನ್ನ ತಿಳಿವಳಿಕೆಯಲ್ಲಿ ಅರ್ಧ ಅಲ್ಲಿ ಬಂಗಾರವಾಯಿತು, ಇನ್ನರ್ಧಕ್ಕೆ ಬೂಷ್ಟು ಹಿಡಿಯಿತು. ನೀರಿನ ಕೊರತೆ ನಮಗೆ ಗೊತ್ತು, ತೇವದ ಕಾಟ ಗೊತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಕೊಚ್ಚಿಯಲ್ಲಿ ಸುಮಾರು 3,000.

ಸಾಮಾನು ಕಡಿಮೆ ಮಾಡುವ ಕೆಲಸಕ್ಕೆ ಆರು ತಿಂಗಳು ಮೊದಲೇ ಕೈ ಹಾಕಿ. "ಬೇಕು, ಬೇಡ" ಎಂದು ಬಾಯಲ್ಲಿ ಚರ್ಚೆ ಮಾಡಿದರೆ ಗಂಡ ಹೆಂಡಿರ ಜಗಳವಾಗುತ್ತದೆಯೇ ಹೊರತು ಒಂದು ಚಮಚವೂ ಹೊರಗೆ ಹೋಗುವುದಿಲ್ಲ. ನಾವು ಅಂಗಳದಲ್ಲಿ ರಂಗೋಲಿ ಪುಡಿಯಿಂದ 38 ಅಡಿ ಉದ್ದ, ನಡುವೆ 12 ಅಡಿ ಅಗಲದ ದೋಣಿಯನ್ನೇ ಬರೆದೆವು. ಎಂಜಿನ್ನಿಗೆ ಇಷ್ಟು, ನೀರಿನ ಟ್ಯಾಂಕಿಗೆ ಇಷ್ಟು, ಮಲಗಲು ಇಷ್ಟು ಎಂದು ಅಳಿಯಂದಿರು ಗೆರೆ ಎಳೆಯುತ್ತ ಹೋದಂತೆ ಉಳಿದ ಜಾಗ ನಮ್ಮ ದೇವರ ಕೋಣೆಯಷ್ಟಾಯಿತು. ಮಗಳು ಅದರ ನಡುವೆ ನಿಂತು ಸುಮ್ಮನೆ ನೋಡಿದಳು. ಆ ಸಂಜೆಯೇ ಮಿಕ್ಸರ್, ಇಡ್ಲಿ ಪಾತ್ರೆ, ಇಪ್ಪತ್ತನಾಲ್ಕು ಸೀರೆ ತಾವಾಗಿಯೇ ಹೊರಬಿದ್ದವು.

ಗಟ್ಟಿ ಪೆಟ್ಟಿಗೆ, ಟ್ರಂಕು, ಸೂಟ್‌ಕೇಸ್ ಯಾವುದೂ ಬೇಡ. ದೋಣಿಯ ಗೋಡೆಗಳು ಬಾಗಿರುತ್ತವೆ, ಮೂಲೆಯಿರುವ ಪೆಟ್ಟಿಗೆ ಎಲ್ಲಿಯೂ ಕೂರುವುದಿಲ್ಲ. ಬಟ್ಟೆಯ ಚೀಲ ಒಯ್ಯಿರಿ, ಖಾಲಿಯಾದ ಮೇಲೆ ಮಡಚಿ ಇಡಬಹುದು. ಅಜ್ಜಿಯ ಕಾಲದ ಕೌದಿ ಒಯ್ಯಬೇಕೆಂದು ಮೊಮ್ಮಗಳು ಹಟ ಹಿಡಿದಳು. ಕೌದಿಯಂಥ ಹೊದಿಕೆ ಇನ್ನೊಂದಿಲ್ಲ, ಆದರೆ ಒಮ್ಮೆ ಉಪ್ಪುನೀರು ಕುಡಿದರೆ ಅದು ಮತ್ತೆ ಒಣಗುವುದಿಲ್ಲ. ಕೊನೆಗೆ ಅದರದೇ ಒಂದು ಮೂಲೆಯನ್ನು ಕತ್ತರಿಸಿ ದಿಂಬಿನ ಗವಸಣಿಗೆ ಮಾಡಿ ಕೊಟ್ಟೆ. ಕೈ ನಡುಗಿತು ನಿಜ, ಆದರೂ ಕತ್ತರಿಸಿದೆ.

ಇನ್ನು ಭಾರದ ಮಾತು. ನನ್ನ ತವರು ಆನೆಗೊಂದಿ. ಚಿಕ್ಕಂದಿನಲ್ಲಿ ಹರಿಗೋಲಿನಲ್ಲಿ ತುಂಗಭದ್ರೆ ದಾಟುವಾಗ ಅಂಬಿಗ ಮೊದಲು ಜೋಳದ ಚೀಲಗಳನ್ನು ನಡುವೆ ಇಡಿಸುತ್ತಿದ್ದ, ಆಮೇಲೆ ನಮ್ಮನ್ನು ಸುತ್ತಲೂ ಕೂರಿಸುತ್ತಿದ್ದ. ಎದ್ದು ನಿಂತವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಹಾಯಿದೋಣಿಯ ಲೆಕ್ಕವೂ ಅದೇ: ಭಾರವಾದದ್ದು ಕೆಳಗೆ, ನಡುವಿಗೆ, ಎರಡೂ ಬದಿಗೆ ಸಮವಾಗಿ. ಅಕ್ಕಿ, ಬೇಳೆ, ಎಣ್ಣೆ ತಳದಲ್ಲಿ; ಹಪ್ಪಳ, ಮಂಡಕ್ಕಿ ಮೇಲಿನ ಕಪಾಟಿನಲ್ಲಿ.

ರಟ್ಟಿನ ಡಬ್ಬಿ ಮಾತ್ರ ದೋಣಿಯೊಳಗೆ ಹೋಗಲೇಬಾರದು. ಅದರ ಪದರಗಳಲ್ಲಿ ಜಿರಲೆಯ ಮೊಟ್ಟೆ ಇರುತ್ತದೆ, ಒಳಗೆ ಸೇರಿದರೆ ಆ ಸಂದುಗೊಂದುಗಳಿಂದ ಓಡಿಸುವುದು ಬ್ರಹ್ಮನಿಗೂ ಆಗದು. ದಡದಲ್ಲೇ ಎಲ್ಲವನ್ನೂ ಬಿಚ್ಚಿ ರಟ್ಟನ್ನು ಅಲ್ಲೇ ಬಿಡಬೇಕು. ಬಾಳೆಗೊನೆಯನ್ನು ನೀರಿನಲ್ಲಿ ಮುಳುಗಿಸಿ ಎತ್ತಿ ಒಳಗೆ ತರಬೇಕು. ಸೀಲ್ ಮಾಡಿದ ಆಹಾರದ ಡಬ್ಬಿಗಳ ಕಾಗದದ ಚೀಟಿ ತೇವಕ್ಕೆ ಕಳಚಿ ಬೀಳುತ್ತದೆ, ಆದ್ದರಿಂದ ಮಾರ್ಕರ್ ಪೆನ್ನಿನಿಂದ ಡಬ್ಬಿಯ ಮೇಲೇ ಹೆಸರು ಬರೆಯಿರಿ. ಇಲ್ಲದಿದ್ದರೆ ಬಟಾಣಿ ಎಂದು ತೆರೆದಾಗ ಅನಾನಸ್ ಬರುತ್ತದೆ.

ಈಗ ರೊಟ್ಟಿಯ ಕಥೆ. ಮೂರು ತಿಂಗಳಿಟ್ಟರೂ ಕೆಡದ ಖಡಕ್ ರೊಟ್ಟಿ ಇರುವಾಗ ಸಮುದ್ರಕ್ಕೆ ಹೆದರುವುದೇಕೆ ಎಂದು ನೂರು ಜೋಳದ ರೊಟ್ಟಿ, ಐವತ್ತು ಸಜ್ಜೆ ರೊಟ್ಟಿ ಬಡಿದು, ಒಣಗಿಸಿ, ಮನೆಯಲ್ಲಿ ಇಡುವ ಹಾಗೆಯೇ ಬುಟ್ಟಿಯಲ್ಲಿ ಬಟ್ಟೆ ಸುತ್ತಿ ಒಯ್ದೆ. ಕೊಚ್ಚಿಯ ಗಾಳಿಗೆ ನಾಲ್ಕನೆಯ ದಿನ ಅವು ಚಪ್ಪಲಿಯ ಅಟ್ಟೆಯಂತಾದವು, ಎಂಟನೆಯ ದಿನ ಹಸಿರು ಚುಕ್ಕೆ ಕಾಣಿಸಿದವು. ಮೀನಿಗೆ ಹಾಕಿದೆವು. ಎರಡನೆಯ ಸಲ ಬುದ್ಧಿ ಬಂದಿತ್ತು. ಏಪ್ರಿಲ್ ಬಿಸಿಲಿನಲ್ಲಿ ಗರಿಗರಿ ಒಣಗಿಸಿ, ಪೂರ್ತಿ ಆರಿದ ಮೇಲೆ ಹತ್ತು ಹತ್ತರಂತೆ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅಂಗಡಿಯಲ್ಲಿ ಬಾಯಿ ಸೀಲ್ ಮಾಡಿಸಿ, ಆ ಚೀಲಗಳನ್ನು ತಿರುಪಿನ ಮುಚ್ಚಳದ ಡ್ರಮ್ಮಿನಲ್ಲಿ ಇಟ್ಟೆ. ಒಂದು ಚೀಲ ಮುಗಿಯುವವರೆಗೆ ಇನ್ನೊಂದನ್ನು ಒಡೆಯಬಾರದು. ಮೆತ್ತಗಾದದ್ದನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಇಟ್ಟರೆ ಮತ್ತೆ ಗರಿಯಾಗುತ್ತದೆ. ಆರುವ ಮೊದಲೇ ಚೀಲಕ್ಕೆ ಹಾಕಿದರೆ ಮಾತ್ರ ರೊಟ್ಟಿಯ ಬೆವರೇ ರೊಟ್ಟಿಯನ್ನು ಕೆಡಿಸುತ್ತದೆ.

ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ, ಸಜ್ಜೆ ಹಿಟ್ಟು ಅದಕ್ಕಿಂತ ಬೇಗ ಕಹಿಯಾಗುತ್ತದೆ. ಹದಿನೈದು ದಿನಕ್ಕಾಗುವಷ್ಟು ಹಿಟ್ಟು ಸಾಕು. ಅದಕ್ಕಿಂತ ಹೆಚ್ಚಿನ ದಿನಗಳಿಗೆ ಅವಲಕ್ಕಿ, ರವೆ, ಶಾವಿಗೆ ಇರಲಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಂದರೆ ಮಗಳಿಗೆ ಪ್ರಾಣ, ಆದರೆ ಪುಡಿ ಮಾಡಿದ ಎಣ್ಣೆಕಾಳು ಆ ಸೆಕೆಯಲ್ಲಿ ಬೇಗ ಕಮಟು ವಾಸನೆ ಹಿಡಿಯುತ್ತದೆ. ವಾರಕ್ಕೊಂದು ಸಣ್ಣ ಬಾಟಲಿ ಪುಡಿ ಸಾಕು, ಉಳಿದದ್ದು ಇಡೀ ಕಾಳಾಗಿರಲಿ, ಕುಟ್ಟಲು ಸಣ್ಣ ಕಲ್ಲೊಂದಿರಲಿ. ಬೂಷ್ಟು ಬಂದ ಶೇಂಗಾವನ್ನು ಆರಿಸಿ ತಿನ್ನುವ ಜಿಪುಣತನ ಬೇಡವೇ ಬೇಡ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಕೇಡು.

ಗಂಗಾವತಿಯ ಸೋನಾ ಮಸೂರಿ ಬಿಟ್ಟು ಬೇರೆ ಅಕ್ಕಿ ನಮ್ಮವರ ಗಂಟಲಿಗೆ ಇಳಿಯುವುದಿಲ್ಲ. 25 ಕೆ.ಜಿ. ಚೀಲವನ್ನು ಇಲ್ಲೇ ಬಿಚ್ಚಿ, ಅಕ್ಕಿಯಲ್ಲಿ ಹುಳವಿಲ್ಲವೆಂದು ನೋಡಿ, ಖಾಲಿ ನೀರಿನ ಬಾಟಲಿಗಳನ್ನು ಒಂದು ಹನಿ ಪಸೆ ಇಲ್ಲದಂತೆ ಒಣಗಿಸಿ, ಕಂಠದವರೆಗೆ ತುಂಬಿದೆವು. ಬಾಗಿದ ಗೋಡೆಯ ಸಂದಿಗೂ ಬಾಟಲಿ ಒಗ್ಗುತ್ತದೆ, ಒಂದಕ್ಕೆ ನುಸಿ ಬಿದ್ದರೆ ಉಳಿದವು ಬಚಾವು. ತೊಗರಿಬೇಳೆಗೆ ಔಡಲೆಣ್ಣೆ ಸವರುವ ನಮ್ಮ ಪದ್ಧತಿ ಅಲ್ಲಿಯೂ ನಡೆಯಿತು. ಬೆಲ್ಲ ನೀರೊಡೆಯಿತು, ಉಪ್ಪು ನೀರೊಡೆಯಿತು. ಬೆಂಕಿಕಡ್ಡಿಯಂತೂ ಗೀರಿದರೆ ಪುಡಿಯಾಯಿತು. ಗಾಜಿನ ಉಪ್ಪಿನಕಾಯಿ ಜಾಡಿಗೆ ಹಳೆಯ ಕಾಲುಚೀಲ ತೊಡಿಸಿದರೆ ಒಂದಕ್ಕೊಂದು ಬಡಿದು ಒಡೆಯುವುದಿಲ್ಲ.

ಈರುಳ್ಳಿ, ಆಲೂಗಡ್ಡೆಗೆ ಗಾಳಿ ಬೇಕು, ಎರಡೂ ಬೇರೆ ಬೇರೆ ಇರಬೇಕು. ನನಗೆ ನಮ್ಮ ಹಳೆಯ ನೆಲುವು ನೆನಪಾಯಿತು. ಹಗ್ಗದ ನೆಲುವನ್ನು ಛಾವಣಿಗೆ ಕಟ್ಟಿ ತೂಗುಬಿಟ್ಟೆ. ದೋಣಿ ಎಷ್ಟೇ ವಾಲಿದರೂ ಈರುಳ್ಳಿ ಉರುಳಲಿಲ್ಲ. ಪಕ್ಕದ ದೋಣಿಯ ವಿದೇಶಿ ಹೆಂಗಸು ಫೋಟೋ ತೆಗೆದುಕೊಂಡು ಹೋದಳು. ಸೊಪ್ಪು, ತರಕಾರಿ ನಾಲ್ಕೈದು ದಿನಕ್ಕೆ ಮುಗಿಯುತ್ತವೆ. ಆಮೇಲೆ ಹಸಿಯದು ಬೇಕೆಂದರೆ ಹೆಸರುಕಾಳು, ಮಡಿಕೆಕಾಳು ಮೊಳಕೆ ಕಟ್ಟಿ. ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ಸಿ ಜೀವಸತ್ವ ಮೊಳಕೆಯಲ್ಲಿ ಹುಟ್ಟಿಕೊಳ್ಳುತ್ತದೆ. ಜೊತೆಗೆ ಲಿಂಬೆಹಣ್ಣು ಇದ್ದರೆ ಹಿಂದಿನ ನಾವಿಕರ ಒಸಡು ಕೊಳೆಯಿಸಿದ ಸ್ಕರ್ವಿಯ ಭಯವಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವವಳಲ್ಲ. ದೋಣಿಯ ಎರಡು ಟ್ಯಾಂಕು ಸೇರಿ 350 ಲೀಟರ್. (ಎರಡಿರುವುದೇ ಒಳ್ಳೆಯದು, ಒಂದು ಸೋರಿದರೆ, ಕೆಟ್ಟರೆ ಇನ್ನೊಂದು ಉಳಿಯುತ್ತದೆ.) ನಾಲ್ವರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 15, ಉಳಿದದ್ದಕ್ಕೆ 10, ಒಟ್ಟು 25 ಲೀಟರಿನಂತೆ ಹದಿನಾಲ್ಕು ದಿನ. ಕಾಗದದ ಮೇಲೆ ಚೆನ್ನಾಗಿದೆ. ಹೊರಡುವ ಮೊದಲಿನ ಒಂದು ತಿಂಗಳು ಅವರನ್ನು ಗಂಗಾವತಿಗೆ ಕರೆಸಿ, ನಲ್ಲಿ ಬಂದ್ ಮಾಡಿ, ಬೆಳಿಗ್ಗೆ 25 ಲೀಟರಿನ ಕ್ಯಾನು ಮುಂದಿಟ್ಟೆ. ಮೊದಲ ದಿನ ಹನ್ನೊಂದು ಗಂಟೆಗೇ ತಳ ಕಂಡಿತು. ಅಳಿಯಂದಿರು ಅರ್ಧ ಗಡ್ಡ ಬೋಳಿಸಿಕೊಂಡು ನಿಂತಿದ್ದರು. ಹದಿನೆಂಟನೆಯ ದಿನ ರಾತ್ರಿ ಮೊದಲ ಸಲ ಒಂದು ತಂಬಿಗೆ ಉಳಿಯಿತು. ಈ ತಾಲೀಮು ಮಾಡದೆ ಯಾರೂ ದೋಣಿ ಹತ್ತಬೇಡಿ. ಸ್ವಿಚ್ ಹಾಕಿದರೆ ಸುರಿಯುವ ನಲ್ಲಿ ತೆಗೆಸಿ ಕಾಲಿನಿಂದ ಒತ್ತುವ ಪಂಪ್ ಹಾಕಿಸಿ. ಒತ್ತಿದಷ್ಟೇ ನೀರು ಬರುವಾಗ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ಪಾತ್ರೆಯನ್ನು ಮೊದಲು ಹಳೆಯ ಬಟ್ಟೆಯಿಂದ ಒರೆಸಿ, ಸಮುದ್ರದ ನೀರಿನಲ್ಲಿ ದ್ರವ ಸೋಪು ಹಾಕಿ ತಿಕ್ಕಿ, ಕೊನೆಗೆ ಒಂದು ತಂಬಿಗೆ ಸಿಹಿನೀರಿನಲ್ಲಿ ಜಾಲಿಸಿ. ಸೋಪಿನ ಬಿಲ್ಲೆ ಉಪ್ಪುನೀರಿನಲ್ಲಿ ನೊರೆ ಕೊಡುವುದಿಲ್ಲ. ಬಂದರಿನ ಕೊಳಕು ನೀರಿಗೆ ಈ ಮಾತು ಅನ್ವಯಿಸದು, ತೆರೆದ ಸಮುದ್ರದಲ್ಲಿ ಮಾತ್ರ. ಬಟ್ಟೆಯನ್ನು ಉಪ್ಪುನೀರಿನಲ್ಲಿ ಒಗೆದು ಹಾಗೇ ಬಿಟ್ಟರೆ ಉಪ್ಪು ಗಾಳಿಯ ತೇವ ಹೀರಿ ರಾತ್ರಿಯಾಗುವಷ್ಟರಲ್ಲಿ ಮತ್ತೆ ಹಸಿಯಾಗುತ್ತದೆ. ಅದಕ್ಕೇ ಹೊರಗಿನಿಂದ ಬಂದವರು ಕಾಲು ತೊಳೆದು ಒಳಗೆ ಬರುವ ನಮ್ಮ ಪದ್ಧತಿಯನ್ನು ಅಲ್ಲಿ ಕಟ್ಟುನಿಟ್ಟು ಮಾಡಿದೆ. ಮೆಟ್ಟಿಲ ಬಳಿ ಒಂದು ತಂಬಿಗೆ, ಒಂದು ಗೋಣಿತಟ್ಟು. ಉಪ್ಪು ಮೆತ್ತಿದ ಕಾಲು ಹಾಸಿಗೆಗೆ ಹೋದರೆ ಆ ಹಾಸಿಗೆ ಮತ್ತೆ ಬೆಚ್ಚಗಾಗುವುದಿಲ್ಲ.

ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದಾಗ ಹೊಸ್ತಿಲು ದಾಟಿ ಹೊರಗೆ ಹರಿಯುತ್ತದೆ. ದೋಣಿಗೆ ಕೆಳಗೆ ಬಾಗಿಲೆಲ್ಲಿದೆ? ಬಾವಿಗೆ ನೀರು ಇಳಿದಂತೆ ತಳದಲ್ಲಿ ನಿಂತು ಒಂದು ಕಿಡಿಗೆ ಕಾಯುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆ ಹೊರಗಿರಬೇಕು, ಅದರ ತಳದ ತೂತು ಸಮುದ್ರದ ಕಡೆಗೆ ತೆರೆದಿರಬೇಕು. ಅಡುಗೆ ಮುಗಿದಾಗ ಮೊದಲು ಸಿಲಿಂಡರಿನ ಕವಾಟ ಮುಚ್ಚಿ, ಕೊಳವೆಯಲ್ಲಿ ಉಳಿದದ್ದು ಉರಿದು ಜ್ವಾಲೆ ತಾನೇ ಆರಿದ ಮೇಲೆ ಒಲೆಯ ಕಿವಿ ತಿರುಗಿಸಿ. ಒಲೆ ತೊಟ್ಟಿಲಿನಂತೆ ತೂಗುವುದು, ದೋಣಿ ವಾಲಿದರೂ ಅದು ಮಟ್ಟವಾಗಿರುತ್ತದೆ. ಪಾತ್ರೆಗಳಲ್ಲಿ ಕುಕ್ಕರಿಗೆ ಮೊದಲ ಮಣೆ. ಮುಚ್ಚಳ ಕಚ್ಚಿಕೊಂಡಿರುವುದರಿಂದ ಚೆಲ್ಲುವುದಿಲ್ಲ, ನೀರು, ಗ್ಯಾಸ್ ಎರಡೂ ಉಳಿಯುತ್ತವೆ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ರಬ್ಬರ್ ಗ್ಯಾಸ್ಕೆಟ್ ಮೂರು ಹೆಚ್ಚಿಗೆ ಇರಲಿ. ಮಂಡಕ್ಕಿ ಮಿರ್ಚಿ ನಮ್ಮ ಕಡೆಯವರ ದೌರ್ಬಲ್ಯ; ಆದರೆ ಎಣ್ಣೆ ಕಾಯಿಸುವುದೇನಿದ್ದರೂ ದೋಣಿ ದಡಕ್ಕೆ ಕಟ್ಟಿರುವಾಗ ಮಾತ್ರ.

ತಳದಲ್ಲಿ ನೀರು ಒಳಬರುವ, ಹೊರಹೋಗುವ ತೂತುಗಳಿವೆ, ಒಂದೊಂದಕ್ಕೂ ಕವಾಟವಿದೆ. ಕವಾಟ ಮುರಿದರೆ ತೂತಿಗೆ ಬಡಿದು ನೀರು ತಡೆಯಲು ಪ್ರತಿಯೊಂದರ ಪಕ್ಕದಲ್ಲೂ ಅದರ ಅಳತೆಯ ಮೆದು ಮರದ ಬಿರಡೆಯನ್ನು ದಾರದಿಂದ ಕಟ್ಟಿಟ್ಟಿರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತಾತ್ಕಾಲಿಕ ಹಲಗೆಗಳು ಸಿದ್ಧವಾಗಿ ಇಳಿಯಲು ಸುಮಾರು ಒಂದು ವಾರ ಹಿಡಿಯಿತು. ನಾವೆಲ್ಲ ಕಾಲುವೆಯ ಕಡೆ ನೋಡುತ್ತ ಕೂತಿದ್ದೆವು. ದೋಣಿಯಲ್ಲಿ ವಾರವಿರಲಿ, ಗಳಿಗೆಯೂ ಸಿಗುವುದಿಲ್ಲ.

ಮಕ್ಕಳಿಗೆ ಮೇಲೆ ಹತ್ತಿದರೆ ಜೀವರಕ್ಷಕ ಜಾಕೆಟ್, ಸುತ್ತಲ ತಂತಿಬೇಲಿಗೆ ಬಲೆ. ಇದರಲ್ಲಿ ಮುದ್ದು ಮಾಡುವಂತಿಲ್ಲ. ಮೊದಲ ಎರಡು ಮೂರು ದಿನ ತಲೆ ಸುತ್ತು, ವಾಂತಿ ಇದ್ದದ್ದೇ. ವೈದ್ಯರು ಹೇಳಿದ ಮಾತ್ರೆಯನ್ನು ಹೊರಡುವ ಮೊದಲೇ ಕೊಡಬೇಕು, ಶುಂಠಿ ಬೆಲ್ಲ ಬಾಯಲ್ಲಿರಲಿ, ಪುಸ್ತಕ ಹಿಡಿಯದೆ ದೂರದ ಬಾನಂಚನ್ನು ನೋಡಲಿ. ಹೊರಡುವ ಹಿಂದಿನ ರಾತ್ರಿ ಖಾರದ ಬದನೆಕಾಯಿ ಎಣ್ಣೆಗಾಯಿ ಮಾಡಿದವಳು ನಾನೇ, ತೊಳೆದವಳೂ ನಾನೇ.

ಬೀಗಿತ್ತಿಯವರು, "ಹೆಣ್ಣುಮಗಳನ್ನು ಸಮುದ್ರದಲ್ಲಿ ಬಿಡುತ್ತೀರಾ?" ಎಂದು ಕೇಳಿದರು. 2017ರ ಸೆಪ್ಟೆಂಬರಿನಲ್ಲಿ ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ತಾರಿಣಿ ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿಯನ್ನೇ ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದ್ದನ್ನು ಹೇಳಿದೆ. ಅವರು ಚಹಾ ಕುಡಿದು ಹೋದರು. ಆದರೂ ಮಳೆಗಾಲದಲ್ಲಿ ಹೊರಡುವ ಮಾತಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿದೆ. ಇವರು ನವೆಂಬರ್ ನಂತರವೇ ಹೊರಟರು.

ಊರಿನಲ್ಲಿ ಉಳಿಯುವ ಹಿರಿಯರಿಗೂ ಕೆಲಸವಿದೆ. ಬ್ಯಾಂಕಿನ ನಾಮಿನಿ, ಮನೆಯ ಪತ್ರ, ಚಿನ್ನದ ಲಾಕರಿನ ಕೀಲಿ ಯಾರ ಬಳಿ ಎಂಬುದನ್ನು ಹೊರಡುವ ಮೊದಲೇ ಬರೆಸಿಕೊಳ್ಳಿ. ಪ್ರತಿ ಪಯಣಕ್ಕೂ ಚೀಟಿ ಬೇಕು: ಯಾವ ಬಂದರಿನಿಂದ ಯಾವ ಬಂದರಿಗೆ, ಯಾವ ದಿನ ತಲುಪಬೇಕು, ಎಷ್ಟು ತಾಸು ತಡವಾದರೆ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಫೋನ್ ಮಾಡಬೇಕು. ಸಮುದ್ರದ ನಡುವೆ ಮೊಬೈಲ್ ಸಿಗುವುದಿಲ್ಲ, ಸಿಗದಿದ್ದರೆ ಅಪಾಯವೆಂದೇನೂ ಅಲ್ಲ. ನಾನು ಮೊದಲ ಸಲ ಆರು ತಾಸಿನಲ್ಲಿ ನಲವತ್ತು ಬಾರಿ ಫೋನ್ ಮಾಡಿ ಆಮೇಲೆ ಮಗಳ ಕೈಯಲ್ಲಿ ಬೈಸಿಕೊಂಡೆ. ಈಗ ಚೀಟಿ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿರುತ್ತದೆ. ಅದರಲ್ಲಿ ಬರೆದ ಗಂಟೆ ಆಗುವವರೆಗೆ ಫೋನನ್ನು ದೇವರ ಕೋಣೆಯಲ್ಲಿಟ್ಟು, ಮುಂದಿನ ಬಂದರಿಗೆ ಕಳಿಸಬೇಕಾದ ರೊಟ್ಟಿ ಬಡಿಯುತ್ತೇನೆ. ಗೋವಾಕ್ಕೆ ಎಂಬತ್ತು ಹೋಗಿದೆ.