ಬೆಳಗಿನ ಮೊದಲ ಸಿಗರೇಟಿನಿಂದ ಶುರು ಮಾಡಿದೆ

ಬರುವ ಯುಗಾದಿಗೆ ಸಿಗರೇಟು ಬಿಟ್ಟು ಎರಡು ವರ್ಷ. ಒಂದು ದಮ್ ಕೂಡ ಎಳೆದಿಲ್ಲ. "ನಿನ್ ಕೈಲಿ ಆಗೋದಲ್ಲ ಬಿಡಲೇ" ಅಂದಿದ್ದ ಗೆಳೆಯರೇ ಈಗ ಹೆಂಗ್ ಬಿಟ್ಟೆ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ನನ್ನದು ಲೇತ್ ಅಂಗಡಿ. 22 ವರ್ಷ ಸೇದಿದೆ. ಕೊನೆಕೊನೆಗೆ ದಿನಕ್ಕೆ 12. ಒಂದಕ್ಕೆ 18 ರೂಪಾಯಿ ಹಿಡಿದರೂ ತಿಂಗಳಿಗೆ ಆರೂವರೆ ಸಾವಿರ.

ಮೂರು ಸಲ ಸೋತೆ. ಮೊದಲ ಸಲ ಏಕ್‌ದಮ್ ನಿಲ್ಲಿಸಿದೆ. ಒಂಬತ್ತನೇ ದಿನ ನೆಂಟರ ಮದುವೆ, ರಾತ್ರಿ ಎಲ್ಲರೂ ಹೊರಗೆ ನಿಂತಿದ್ದರು, ಮುಗಿಯಿತು. ಎರಡನೇ ಸಲ 12 ಇದ್ದದ್ದನ್ನು 6ಕ್ಕೆ ಇಳಿಸಿದೆ. ಆದರೆ ಒಂದೊಂದನ್ನೂ ಫಿಲ್ಟರ್ ಸುಡುವವರೆಗೆ ಎಳೆಯುತ್ತಿದ್ದೆ. ಎದೆಗೆ ಹೋಗುವ ಹೊಗೆ ಕಡಿಮೆಯಾಗಲೇ ಇಲ್ಲ. ಮೂರನೇ ಸಲ ನಿಕೋಟಿನ್ ಗಮ್, ಸಿಗರೇಟು ಬಿಡೋಕೆ ಅಗಿಯುವ ಮದ್ದು. ಬಬಲ್ ಗಮ್ ಥರ ಅಗಿದೆ. ಬಿಕ್ಕಳಿಕೆ, ಗಂಟಲುರಿ. ಒಂದೂವರೆ ಸಾವಿರದಷ್ಟು ಹಾಳಾಯಿತು.

ನಾಲ್ಕನೇ ಸಲ ಬಿಡುವ ಮೊದಲು ಒಂದು ವಾರ ಲೆಕ್ಕ ಬರೆದೆ. ಅಂಗಡಿ ಕೆಲಸದ ವಿವರ ಬರೆಯುವ ಜಾಬ್ ಕಾರ್ಡಿನ ಹಿಂದೆ, ಎಷ್ಟು ಹೊತ್ತಿಗೆ, ಯಾರ ಜೊತೆ ಅಂತ. 12ರಲ್ಲಿ ಐದು ಟೀ ಅಂಗಡಿಯಲ್ಲೇ! ಮೈ ನಿಜವಾಗಿ ಕೇಳಿದ್ದು ಮೂರೋ ನಾಲ್ಕೋ. ಅದರಲ್ಲಿ ಗಟ್ಟಿ ಅಂದರೆ ಎದ್ದ ಹತ್ತು ನಿಮಿಷಕ್ಕೇ ಹಚ್ಚುತ್ತಿದ್ದ ಮೊದಲನೆಯದು.

ಅದನ್ನೇ ಹಿಡಿದೆ. ದಿನಾ ಕಾಲು ಗಂಟೆ ಮುಂದಕ್ಕೆ ತಳ್ಳಿದೆ. ಆರೂವರೆಯದು ಸುಮಾರು ಮೂರು ವಾರದಲ್ಲಿ ಹನ್ನೊಂದಕ್ಕೆ ಬಂತು. ಆಮೇಲೆ ಯುಗಾದಿ ದಿನ ಪೂರ್ತಿ ನಿಲ್ಲಿಸಿದೆ. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವನು ಅಂತ ಡಾಕ್ಟರು 4 ಮಿಲಿಗ್ರಾಂ ಗಮ್ ಬರೆದುಕೊಟ್ಟರು. ಈ ಸಲ ಸರಿಯಾಗಿ ಬಳಸಿದೆ. ನಿಧಾನ ಅಗಿಯೋದು, ಚುರುಚುರು ಅಂದ ಕೂಡಲೇ ಕೆನ್ನೆಯ ಸಂದಿಗೆ ಒತ್ತರಿಸೋದು. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಟೀ, ಕಾಫಿ ಬಂದ್. ಕುಡಿದರೆ ಮದ್ದು ಬಾಯಲ್ಲಿ ಸರಿಯಾಗಿ ಹಿಡಿಯೋದಿಲ್ಲ. ಮೂರು ತಿಂಗಳಿಗೆ ಗಮ್ಮಿಗೆ ಆರು ಸಾವಿರದ ಮೇಲೆ ಸ್ವಲ್ಪ ಆಯಿತು. ಒಂದು ತಿಂಗಳ ಸಿಗರೇಟಿನ ದುಡ್ಡು ಅಷ್ಟೇ, ಅಲ್ವಾ?

ಮೊದಲ ಮೂರು ದಿನ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ, ನಿಜ. ನನಗೆ ಅದಕ್ಕಿಂತ ಕಷ್ಟ ಆದದ್ದು ಹದಿನೇಳನೇ ದಿನ. ಮಾಡಿಕೊಟ್ಟ ಒಂದು ಶಾಫ್ಟ್ ರಿಜೆಕ್ಟ್ ಆಗಿ ಗಿರಾಕಿ ಜೊತೆ ಜಗಳ. ಕೈ ತಾನಾಗಿ ಜೇಬಿಗೆ ಹೋಯಿತು. ಹಳೇ ಪ್ಯಾಕಿನ ಮೇಲಿದ್ದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಹತ್ತು ನಿಮಿಷದ ಮಾತು ಮುಗಿಯುವಷ್ಟರಲ್ಲಿ ಆಸೆ ಇಳಿದಿತ್ತು.

ಇನ್ನೊಂದು, ಇದನ್ನು ನಾನೇ ಪರೀಕ್ಷೆ ಮಾಡಿ ನೋಡಿದೆ. ಬಿಟ್ಟ ಮೇಲೆ ಕೈ ನಡುಗತೊಡಗಿತು, ಅಳತೆ ನೋಡುವ ಮೈಕ್ರೋಮೀಟರ್ ಹಿಡಿಯೋಕೂ ಆಗುತ್ತಿರಲಿಲ್ಲ. ರಾತ್ರಿ ನಿದ್ದೆ ಇಲ್ಲ. ಸಿಗರೇಟಿನ ಹೊಗೆ ಮೈಯೊಳಗಿನ ಕೆಫೀನನ್ನು ಬೇಗ ಕರಗಿಸುತ್ತದಂತೆ. ಹೊಗೆ ನಿಂತರೆ ಅದೇ ನಾಲ್ಕು ಕಪ್ ಕಾಫಿ ಜಾಸ್ತಿ ಆಗುತ್ತದೆ. ಎರಡಕ್ಕೆ ಇಳಿಸಿದೆ. ನಾಲ್ಕೈದು ದಿನದಲ್ಲಿ ಕೈ ನಡುಕ ನಿಂತಿತು. ಸಿಗರೇಟಿನ ಬದಲಿಗೆ ಬಾಯಿಗೆ ಲವಂಗ, ಸೋಂಪು, ಮಂಡಕ್ಕಿ ಎಲ್ಲ ಹಾಕಿ ನೋಡಿದೆ. ಮಂಡಕ್ಕಿಯೇ ವಾಸಿ, ಕೈಗೂ ಬಾಯಿಗೂ ಕೆಲಸ.

ಟೀ ಅಂಗಡಿಗೆ ಎರಡು ತಿಂಗಳು ಹೋಗಲಿಲ್ಲ. ಫ್ಲಾಸ್ಕಿನಲ್ಲಿ ತರಿಸಿಕೊಂಡೆ. ಬಿಡಿ ಸಿಗರೇಟು ಮಾರಬಾರದು ಅಂತ 2017ರಲ್ಲೇ ನಮ್ಮ ಸರ್ಕಾರ ಆದೇಶ ಮಾಡಿದೆ. ಆದರೂ ಅಲ್ಲಿ ಕೈ ಚಾಚಿದರೆ ಒಂದು ಸಿಗುತ್ತಿತ್ತು. ಪ್ಯಾಕ್ ಕೊಳ್ಳೋಕೆ ಮನಸ್ಸು ತಡೆಯುತ್ತದೆ, ಒಂದಕ್ಕೆ ತಡೆಯೋದಿಲ್ಲ.

ಊಟ ಆದ ಮೇಲಿನ ಐದು ನಿಮಿಷಕ್ಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯೋದಿಲ್ಲ. ಅಂಗಡಿಗೆ ಬಂದವರಿಗೆ ತೋರಿಸುತ್ತೇನೆ.

ಆ ಗೆಳೆಯರಲ್ಲಿ ಒಬ್ಬ ಈಗ ಬೆಳಗಿನದನ್ನು ಒಂಬತ್ತೂವರೆಗೆ ತಂದಿದ್ದಾನೆ. ಮೊನ್ನೆ ತನ್ನ ಲೆಕ್ಕ ತಂದು ತೋರಿಸಿದ. ಅವನದೂ ಅರ್ಧದಷ್ಟು ಟೀ ಅಂಗಡಿಯದೇ. ಈ ವಾರದಿಂದ ಅವನ ಟೀಯೂ ನನ್ನ ಫ್ಲಾಸ್ಕಿನಲ್ಲಿ.