ಪುಟ್ಟ ವಿಮಾನಕ್ಕೆ ಗಾಜಿನಂಥ ಕ್ಯಾನೊಪಿ: ಮನೆಯಲ್ಲೇ ಎಳೆದು ಕೂರಿಸುವುದು ಹೇಗೆ?

ಸ್ಕೇಲ್ ಮಾಡೆಲ್‌ನಲ್ಲಿ ಬಣ್ಣ ಕೆಟ್ಟರೆ ಮತ್ತೆ ಬಳಿಯಬಹುದು, ಸಂದು ಬಿಟ್ಟರೆ ಪುಟ್ಟಿ ತುಂಬಬಹುದು. ಕ್ಯಾನೊಪಿಗೆ, ಅಂದರೆ ಪೈಲಟ್ ಕೂರುವ ಕಾಕ್‌ಪಿಟ್ಟನ್ನು ಮುಚ್ಚುವ ಪಾರದರ್ಶಕ ಗುಮ್ಮಟಕ್ಕೆ, ಆ ಅವಕಾಶವಿಲ್ಲ. ಗೀರು, ಬೆರಳಚ್ಚು, ಅಂಟಿನ ಬಿಳಿ ಮಂಜು ಎಲ್ಲವೂ ಎದ್ದು ಕಾಣುತ್ತವೆ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಎಳೆದು ಇದನ್ನು ಮಾಡುತ್ತೇವೆ. ಆದ್ದರಿಂದ ಇಲ್ಲಿ ಕೆಲಸದ ಮುಕ್ಕಾಲು ಪಾಲು ಪ್ಲಾಸ್ಟಿಕ್ ಹಾಳೆ ಬಿಸಿಯಾಗುವ ಮೊದಲೇ, ಮರದ ಅಚ್ಚಿನ ಮೇಲೆ ಮುಗಿದಿರಬೇಕು.

ಉದಾಹರಣೆಗೆ ನಮ್ಮ ಬೆಂಗಳೂರಿನ ವಿಮಾನವನ್ನೇ ತೆಗೆದುಕೊಳ್ಳೋಣ. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್‌ನಲ್ಲಿ ರೂಪುಗೊಂಡ ಎಚ್‌ಎಫ್-24 ಮರುತ್ ಯುದ್ಧವಿಮಾನ ಮೊದಲು ಹಾರಿದ್ದು 1961ರ ಜೂನ್ 17ರಂದು. ಅದರ ಉದ್ದ ಸುಮಾರು 15.87 ಮೀಟರ್, ರೆಕ್ಕೆಯ ಹರವು 9 ಮೀಟರ್. 1/72 ಅಳತೆಯಲ್ಲಿ ಉದ್ದ 220 ಮಿ.ಮೀ., ಹರವು 125 ಮಿ.ಮೀ. ಆಗುತ್ತದೆ. ಈ ಅಳತೆಯಲ್ಲಿ 1 ಮಿ.ಮೀ. ದಪ್ಪದ ಕ್ಯಾನೊಪಿ ಹಾಕಿದರೆ, ನಿಜ ವಿಮಾನಕ್ಕೆ 72 ಮಿ.ಮೀ. ದಪ್ಪದ ಗಾಜು ಹಾಕಿದ ಲೆಕ್ಕ. ಹಳೆಯ ಕಿಟ್‌ಗಳ ಕ್ಯಾನೊಪಿಯೊಳಗೆ ಸೀಟು ವಕ್ರವಾಗಿ, ಮಸುಕಾಗಿ ಕಾಣುವುದು ಈ ದಪ್ಪದಿಂದಲೇ. ಕೈಯಲ್ಲಿ ಎಳೆದದ್ದು 0.3 ಮಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ.

ಅಳತೆ

ಮರುತ್ ಅನ್ನು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲೂ ಎಚ್‌ಎಎಲ್ ಮ್ಯೂಸಿಯಂನಲ್ಲೂ ನೋಡಬಹುದು. ಫೋಟೊವನ್ನು ಹತ್ತಿರದಿಂದ ತೆಗೆಯಬೇಡಿ, ಮೂಗು ಊದಿ ಕ್ಯಾನೊಪಿ ಕುಗ್ಗಿದಂತೆ ಬರುತ್ತದೆ. ಆದಷ್ಟು ಹಿಂದೆ ಸರಿದು, ಜೂಮ್ ಮಾಡಿ, ನೇರ ಬದಿಯಿಂದ ಒಂದು, ನೇರ ಮುಂದಿನಿಂದ ಒಂದು ತೆಗೆಯಿರಿ. ಅವನ್ನು ಮಾಡೆಲ್‌ನ ಅಳತೆಗೆ ಪ್ರಿಂಟ್ ಹಾಕಿಸಿ, ಬದಿಯ ನೋಟಕ್ಕೊಂದು, ಅಡ್ಡ ಸೀಳಿಗೆ ಮೂರು ಎಂದು ದಪ್ಪ ಕಾರ್ಡಿನಲ್ಲಿ ಟೆಂಪ್ಲೇಟ್ ಕತ್ತರಿಸಿಕೊಳ್ಳಿ.

ಎಲ್ಲ ಕಿಟಕಿಗೂ ಅಚ್ಚು ಬೇಕಿಲ್ಲ. ಪುಷ್ಪಕ್‌ನಂಥ ಸಣ್ಣ ವಿಮಾನದ ಪಕ್ಕದ ಕಿಟಕಿಗಳಿಗೆ ಚಪ್ಪಟೆಯಾದ ಅಸಿಟೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕತ್ತರಿಸಿದರೆ ಸಾಕು. ಎರಡೂ ದಿಕ್ಕಿಗೆ ಬಾಗಿದ ಗುಮ್ಮಟದಂಥ ಭಾಗಕ್ಕೆ ಮಾತ್ರ ಮುಂದಿನ ಕಸರತ್ತು.

ಅಚ್ಚು

ಎಳೆ ಕಾಣದ ಮರ ಬೇಕು. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ ಇದಕ್ಕೆ ಹೇಳಿ ಮಾಡಿಸಿದ್ದು: ಮೃದುವಾಗಿ ಕೊರೆಯಬಹುದು, ನುಣುಪೂ ಬರುತ್ತದೆ. ಅದು ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಕಲಸಿ, ಗಟ್ಟಿಯಾದ ಮೇಲೆ ಕೆತ್ತಬಹುದು. ಬಾಲ್ಸಾ ಮರ ಬೇಡ, ಅದರ ರಂಧ್ರಗಳು ಹಾಳೆಯ ಮೇಲೆ ಮೂಡುತ್ತವೆ.

ಇಲ್ಲಿ ನೆನಪಿಡಬೇಕಾದ್ದು ಮೂರು. ಅಚ್ಚು ಬೇಕಾದ ಗಾತ್ರಕ್ಕಿಂತ ಸುತ್ತಲೂ 0.3 ಮಿ.ಮೀ. ಸಣ್ಣದಿರಬೇಕು, ಹಾಳೆಯ ದಪ್ಪ ಅದರ ಮೇಲೆ ಕೂರುತ್ತದಲ್ಲ. ಕೆಳಗಡೆ ಅದೇ ಆಕಾರದಲ್ಲಿ 10 ಮಿ.ಮೀ. ಹೆಚ್ಚಿಗೆ ಬಿಡಬೇಕು, ಏಕೆಂದರೆ ಹಾಳೆಯ ಬುಡದಲ್ಲಿ ಯಾವಾಗಲೂ ಸುಕ್ಕು ಬೀಳುತ್ತದೆ. ಬುಡ ಮೇಲ್ಭಾಗಕ್ಕಿಂತ ಕಿರಿದಾಗಬಾರದು. ಕಿರಿದಾದರೆ ಎಳೆದ ಕ್ಯಾನೊಪಿ ಅಚ್ಚಿನಿಂದ ಬಿಡುವುದಿಲ್ಲ, ಸೀಳಿಯೇ ತೆಗೆಯಬೇಕಾಗುತ್ತದೆ.

ಆಕಾರ ಬಂದ ಮೇಲೆ ಮರದ ಮೇಲೆ ಸೂಪರ್ ಗ್ಲೂ ತೆಳುವಾಗಿ ಸವರಿ ರಂಧ್ರ ಮುಚ್ಚಿ. ಒಣಗಿದ ನಂತರ 400, 800, 1200, 2000 ನಂಬರಿನ ವಾಟರ್ ಪೇಪರ್‌ನಲ್ಲಿ ಕ್ರಮವಾಗಿ ಉಜ್ಜಿ. ಆತುರಪಟ್ಟು ಒಂದು ನಂಬರ್ ಹಾರಿಸಿದರೆ ಹಿಂದಿನ ಗೀರು ಉಳಿದೇ ಉಳಿಯುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಅಚ್ಚನ್ನು ಓರೆಯಾಗಿ ತಿರುಗಿಸಿ ನೋಡಿ. ಅಚ್ಚಿನ ಮೇಲೆ ಲೈಟಿನ ಗೆರೆ ಎಲ್ಲಿಯೂ ಮುರಿಯದೆ ಹರಿದರೆ ಅಚ್ಚು ಸಿದ್ಧ. ಮುರಿದ ಜಾಗದಲ್ಲಿ ತಗ್ಗೋ ಉಬ್ಬೋ ಇದೆ ಎಂದರ್ಥ, ಕೈಬೆರಳಿಗೆ ಅದು ತಿಳಿಯುವುದಿಲ್ಲ. ಕೊನೆಗೆ ಬುಡಕ್ಕೆ ಹಿಡಿಯಲು ಒಂದು ಮರದ ಕಡ್ಡಿ ಸಿಕ್ಕಿಸಿ.

ಯಾವ ಹಾಳೆ?

0.5 ಮಿ.ಮೀ. ದಪ್ಪದ ಪಿಇಟಿಜಿ ಎಂಬ ಪ್ಲಾಸ್ಟಿಕ್ ಹಾಳೆ ಎಲ್ಲಕ್ಕಿಂತ ಒಳ್ಳೆಯದು, ಎಳೆದಾಗ ಅದು ತೆಳುವಾಗಿ 0.3 ಮಿ.ಮೀ. ಆಸುಪಾಸಿಗೆ ಬರುತ್ತದೆ. ಅದಿಲ್ಲದಿದ್ದರೆ ಬೇಕರಿಯ ಪೇಸ್ಟ್ರಿ ಡಬ್ಬಿಯ ಚಪ್ಪಟೆ ಮುಚ್ಚಳ ನಡೆಯುತ್ತದೆ, ಆದರೆ ತಳದ ತ್ರಿಕೋನದೊಳಗಿನ ಅಂಕಿ ನೋಡಿ. 1 ಎಂದರೆ ಪಿಇಟಿ, ಅದನ್ನು ಬಳಸಿ. 5 ಎಂದರೆ ಪಾಲಿಪ್ರೊಪಿಲೀನ್, ಅದಕ್ಕೆ ಬಣ್ಣವೂ ಹಿಡಿಯದು, ಅಂಟೂ ಹಿಡಿಯದು. 6 ಎಂದರೆ ಪಾಲಿಸ್ಟೈರೀನ್, ಕತ್ತರಿಸುವಾಗ ಚಟ್ಟನೆ ಬಿರುಕು ಬಿಡುತ್ತದೆ. ಓಎಚ್‌ಪಿ (ಓವರ್‌ಹೆಡ್ ಪ್ರೊಜೆಕ್ಟರ್‌ನ) ಹಾಳೆ ಎಷ್ಟೇ ಸ್ವಚ್ಛವಾಗಿ ಕಂಡರೂ ಕೊಳ್ಳಬೇಡಿ. ಅದನ್ನು ಕಾರ್ಖಾನೆಯಲ್ಲೇ ಎರಡೂ ದಿಕ್ಕಿಗೆ ಎಳೆದಿರುತ್ತಾರೆ, ಬಿಸಿ ತಾಗಿದರೆ ಹಿಗ್ಗುವ ಬದಲು ಕುಗ್ಗುತ್ತದೆ. ಜೆರಾಕ್ಸ್ ಅಂಗಡಿಯ ಬೈಂಡಿಂಗ್ ಹಾಳೆಗಳಲ್ಲಿ ಪಿವಿಸಿಯೂ ಇರುತ್ತದೆ. ಅತಿಯಾಗಿ ಕಾದರೆ ಅದರಿಂದ ಬರುವ ಹೊಗೆ ವಿಷಕಾರಿ, ಹಾಗಾಗಿ ಏನೆಂದು ಗೊತ್ತಿಲ್ಲದ ಹಾಳೆಯನ್ನು ಮನೆಯಲ್ಲಿ ಕಾಯಿಸಲೇಬೇಡಿ.

ಎಳೆಯುವುದು

3 ಮಿ.ಮೀ. ಪ್ಲೈವುಡ್ ತುಂಡಿನಲ್ಲಿ ಅಚ್ಚಿನ ಬುಡದ ಆಕಾರದ ತೂತು ಕೊರೆಯಿರಿ, ಸುತ್ತಲೂ ಒಂದೂವರೆ ಮಿ.ಮೀ. ಜಾಗ ಬಿಟ್ಟು. ಹಾಳೆಯನ್ನು ಅದರ ಮೇಲೆ ಬಿಗಿಯಾಗಿ ಹಾಸಿ, ನಾಲ್ಕೂ ಕಡೆ ಒಂದೊಂದು ಸೆಂ.ಮೀ.ಗೆ ಡ್ರಾಯಿಂಗ್ ಪಿನ್ ಚುಚ್ಚಿ. ಅಚ್ಚನ್ನು ವೈಸ್ ಎಂಬ ಬಿಗಿ ಹಿಡಿಕೆಯಲ್ಲಿ ತಲೆ ಮೇಲಾಗಿ ನಿಲ್ಲಿಸಿ. ಹಾಳೆಯನ್ನೂ ಅಚ್ಚನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಒಂದೇ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಕ್ಯಾನೊಪಿಯಲ್ಲಿ ಗುಳ್ಳೆಯಂತೆ ಉಳಿದುಬಿಡುತ್ತದೆ.

ಓಟಿಜಿಯನ್ನು (ಅಡುಗೆಮನೆಯ ಸಣ್ಣ ಓವನ್) 150 ಡಿಗ್ರಿಗೆ ಕಾಯಿಸಿಟ್ಟು ಹಲಗೆಯನ್ನು ಒಳಗಿಡಿ. ಗ್ಯಾಸ್ ಒಲೆಯ ಉರಿ ಬೇಡ, ಶಾಖ ಒಂದೇ ಕಡೆ ಬೀಳುತ್ತದೆ. ಹಾಳೆ ಮೊದಲು ಹಪ್ಪಳದ ಹಾಗೆ ಅಲೆಯಲೆಯಾಗಿ ಏಳುತ್ತದೆ, ಆಮೇಲೆ ತಾನಾಗಿ ಬಿಗಿಯುತ್ತದೆ, ಅದಾದ ಮೇಲೆ ತೂತಿನಲ್ಲಿ ಮೆಲ್ಲಗೆ ಜೋತು ಬೀಳಲು ಶುರುವಾಗುತ್ತದೆ. ಗಡಿಯಾರ ನೋಡಬೇಡಿ, ಹಾಳೆಯನ್ನೇ ನೋಡುತ್ತಿರಿ. 5 ಮಿ.ಮೀ. ಜೋತ ಕ್ಷಣ ದಪ್ಪ ಗ್ಲೌಸ್ ಹಾಕಿದ ಕೈಯಲ್ಲಿ ಹಲಗೆ ತೆಗೆದು, ಹಾಳೆಯ ಮಗ್ಗುಲು ಕೆಳಗಾಗಿ, ಅಚ್ಚಿನ ಮೇಲೆ ನೇರವಾಗಿ ಒಂದೇ ಪಟ್ಟಿಗೆ ಒತ್ತಿ. ಇಪ್ಪತ್ತು ಎಣಿಸುವವರೆಗೆ ಅಲುಗಾಡಿಸಬೇಡಿ. ಕಿಟಕಿ ತೆರೆದಿರಲಿ, ಫ್ಯಾನ್ ಮಾತ್ರ ಬೇಡ: ಗಾಳಿಗೆ ಹಾಳೆ ಎರಡೇ ಸೆಕೆಂಡಿನಲ್ಲಿ ಆರಿ ಗಟ್ಟಿಯಾಗುತ್ತದೆ.

ಮೊದಲ ಎಳೆತ ಕೆಟ್ಟರೆ ಚಿಂತೆ ಬೇಡ, ಅದನ್ನು ನೋಡಿಯೇ ಕಾರಣ ಹೇಳಬಹುದು. ಬುಡದ ಸುಕ್ಕು ಮೇಲಿನವರೆಗೆ ಹತ್ತಿದ್ದರೆ ಶಾಖ ಸಾಲದು ಅಥವಾ ತೂತು ದೊಡ್ಡದು. ಹಾಳೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಪಿಇಟಿ ಹೆಚ್ಚು ಕಾದಿದೆ. ಒಳಗೆ ಸೂಜಿಮೊನೆಯಷ್ಟು ಗುಳ್ಳೆಗಳಿದ್ದರೆ ಹಾಳೆ ತೇವ ಹೀರಿದೆ. ಮಳೆಗಾಲದಲ್ಲಿ ಇದು ಹೆಚ್ಚು, ಮುಂದಿನ ಹಾಳೆಯನ್ನು 60 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ. ಅಲೆಯಂಥ ಗುರುತು ಬಿದ್ದರೆ ಅಚ್ಚು ತಣ್ಣಗಿತ್ತು, ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಹೇಗೂ ಹಾಳೆ ಅಗ್ಗ. ಐದಾರು ಎಳೆದು ಅದರಲ್ಲಿ ಒಂದನ್ನು ಆರಿಸುವುದು ಜಾಣತನ.

ಕತ್ತರಿಸುವುದು, ಹೊಳಪು

ಕ್ಯಾನೊಪಿ ಅಚ್ಚಿನ ಮೇಲೇ ಇರಲಿ. ಕತ್ತರಿಸುವ ಗೆರೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಅಂಚಿಗೆ ಹೊಸ ಬ್ಲೇಡನ್ನು ತಾಗಿಸಿ ಹಗುರವಾಗಿ ಎಳೆಯಿರಿ. ಹತ್ತು ಹದಿನೈದು ಸಲ ಎಳೆದರೆ ತಾನೇ ಬೇರ್ಪಡುತ್ತದೆ. ಒತ್ತಿ ಒಂದೇ ಏಟಿಗೆ ಕತ್ತರಿಸಹೋದರೆ ಬ್ಲೇಡ್ ಜಾರುತ್ತದೆ. ಗೆರೆಯಿಂದ 1 ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದನ್ನು 600ರ ಪೇಪರ್‌ನಲ್ಲಿ ಉಜ್ಜುತ್ತಾ ಮಾಡೆಲ್ ಮೇಲೆ ಇಟ್ಟಿಟ್ಟು ನೋಡಿ. ಕೂರುವ ಅಂಚನ್ನು ಒರಟಾಗಿಯೇ ಬಿಡಿ, ಅಂಟು ಹಿಡಿಯಲು ಅದು ಬೇಕು.

ಸಣ್ಣ ಗೀರುಗಳಿಗೆ ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಸಾಕು. ನಂತರ ತೊಳೆದು, ನೀರಿನ ಆಧಾರದ, ಹೊಳಪಿನ (ಗ್ಲಾಸಿ) ಅಕ್ರಿಲಿಕ್ ವಾರ್ನಿಶ್‌ನಲ್ಲಿ ಅದ್ದಿ ತೆಗೆಯಿರಿ. ಮೂಲೆಗೆ ಟಿಶ್ಯೂ ತಾಗಿಸಿ ಹೆಚ್ಚಿನದನ್ನು ಹೀರಿಸಿ, ಅದರ ಮೇಲೆ ಡಬ್ಬಿ ಕವುಚಿ ಎರಡು ದಿನ ಮುಟ್ಟದೆ ಬಿಡಿ.

ಫ್ರೇಮುಗಳಿಗೆ ಬಣ್ಣ ಹಾಕುವಾಗ ಮೊದಲು ಕಾಕ್‌ಪಿಟ್‌ನ ಒಳಬಣ್ಣ, ಅದರ ಮೇಲೆ ಹೊರಬಣ್ಣ. ಹಾಗೆ ಮಾಡಿದರೆ ಒಳಗಿನಿಂದ ನೋಡಿದಾಗಲೂ ಫ್ರೇಮ್ ಸರಿಯಾದ ಬಣ್ಣದಲ್ಲಿರುತ್ತದೆ. ಕಿಟಕಿಯ ಅಂಚಿಗೆ 1 ಮಿ.ಮೀ. ಅಗಲದ ಟೇಪ್ ಪಟ್ಟಿ ಅಂಟಿಸಿ, ಕಡ್ಡಿಯ ಮೊನೆಯಲ್ಲಿ ಒತ್ತಿ, ನಡುವೆ ದೊಡ್ಡ ತುಂಡು ಮುಚ್ಚಿ. ಸ್ಪ್ರೇ ತೆಳುವಾಗಿರಲಿ. ದಪ್ಪವಾದರೆ ಬಣ್ಣ ಟೇಪಿನಡಿ ಹರಿಯುತ್ತದೆ.

ಕೂರಿಸುವುದು

ಅಲ್ಲಿಯವರೆಗಿನ ಶ್ರಮವೆಲ್ಲ ನೀರುಪಾಲಾಗುವ ಜಾಗ ಇದು. ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಕ್ಯಾನೊಪಿಯ ಹತ್ತಿರ ಬರಬಾರದು. ಅದರ ಆವಿ ಗಾಳಿಯ ತೇವದೊಂದಿಗೆ ಸೇರಿ ಗಟ್ಟಿಯಾಗಿ, ಬಿಳಿ ಪುಡಿಯಾಗಿ ಪ್ಲಾಸ್ಟಿಕ್ ಮೇಲೆ ಕೂರುತ್ತದೆ, ಬೆರಳಚ್ಚು ಇದ್ದಲ್ಲಿ ಇನ್ನೂ ದಟ್ಟವಾಗಿ. ಸೀಟು, ಪ್ಯಾನೆಲ್‌ಗಳನ್ನು ಸೂಪರ್ ಗ್ಲೂನಲ್ಲಿ ಅಂಟಿಸಿದ್ದರೆ ಒಂದು ದಿನ ತೆರೆದಿಟ್ಟು ಆಮೇಲೆ ಮುಚ್ಚಿ. ಕಿಟ್ ಅಂಟಿಸುವ ದ್ರವ ಸಿಮೆಂಟ್ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆಯೇ ಹೊರತು ಪಿಇಟಿಜಿಯನ್ನು ಹಿಡಿಯುವುದಿಲ್ಲ.

ಮುಚ್ಚಿದ ಕ್ಯಾನೊಪಿಗೆ ಸಾಮಾನ್ಯ ಬಿಳಿ ಫೆವಿಕಾಲ್ ಸಾಕು. ಕಾಕ್‌ಪಿಟ್‌ಗೆ ಬ್ಲೋವರ್‌ನಲ್ಲಿ ಗಾಳಿ ಊದಿ, ಅಂಚಿಗೆ ಟೂತ್‌ಪಿಕ್‌ನಲ್ಲಿ ತೆಳು ಗೆರೆ ಎಳೆದು, ಕೂರಿಸಿ, ಟೇಪ್‌ನಲ್ಲಿ ಬಿಗಿದು ರಾತ್ರಿ ಪೂರ್ತಿ ಬಿಡಿ. ಹೊರಗೆ ಬಂದ ಅಂಟನ್ನು ಒದ್ದೆ ಇಯರ್ ಬಡ್‌ನಲ್ಲಿ ಒರೆಸಿದರೆ ಸಂದೂ ತುಂಬುತ್ತದೆ. ಮುಂದೆ ಒಳಗೇನಾದರೂ ಕಳಚಿ ಬಿದ್ದರೆ ಅಂಚಿಗೆ ನೀರು ಸವರಿ ಎಬ್ಬಿಸಬಹುದು, ಫೆವಿಕಾಲ್‌ನ ದೊಡ್ಡ ಅನುಕೂಲವೇ ಅದು. ತೆರೆದ ಸ್ಥಿತಿಯಲ್ಲಿ ನಿಲ್ಲಬೇಕಾದ ಕ್ಯಾನೊಪಿಗೆ ಮಾತ್ರ ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟು, ಎರಡು ಚುಕ್ಕಿ.

3 ಮಿ.ಮೀ.ಗಿಂತ ಸಣ್ಣ ದುಂಡು ಕಿಟಕಿಗೆ ಹಾಳೆಯೂ ಬೇಡ. ಟೂತ್‌ಪಿಕ್‌ನಲ್ಲಿ ಫೆವಿಕಾಲ್ ತೆಗೆದು ತೂತಿನ ಅಂಚಿಗೆ ಸುತ್ತಿ ಅಡ್ಡಲಾಗಿ ಎಳೆದರೆ ಪರದೆ ಕಟ್ಟಿ, ಒಣಗಿದಾಗ ಸ್ವಚ್ಛವಾಗುತ್ತದೆ. ರೆಕ್ಕೆ ತುದಿಯ ದೀಪಗಳಿಗೆ ಹಳೆಯ ಟೂತ್‌ಬ್ರಷ್‌ನ ಬಣ್ಣದ ಪಾರದರ್ಶಕ ಹಿಡಿ ಕತ್ತರಿಸಿ ಅಂಟಿಸಿ, ರೆಕ್ಕೆಯ ಆಕಾರಕ್ಕೆ ಉಜ್ಜಿ ಹೊಳಪು ಕೊಡಿ. ಅಂಟಿಸುವ ಮುಂಚೆ ಒಳಮೈಗೆ 0.5 ಮಿ.ಮೀ. ಡ್ರಿಲ್‌ನಲ್ಲಿ ಒಂದು ಕುಳಿ ಕೊರೆದರೆ ಒಳಗೆ ಬಲ್ಬ್ ಇದ್ದಂತೆ ಕಾಣುತ್ತದೆ. ಎಡ ರೆಕ್ಕೆಗೆ ಕೆಂಪು, ಬಲ ರೆಕ್ಕೆಗೆ ಹಸಿರು. ಎಡ ಬಲ ಲೆಕ್ಕ ಹಾಕುವುದು ಸೀಟಿನಲ್ಲಿ ಕೂತ ಪೈಲಟ್‌ನ ಕಡೆಯಿಂದ.