ಆಗರಕರರ ಹೆಸರಿಗೆ ಒಂದು ಖಾತೆ ತೆರೆದೆ

ಹತ್ತೊಂಬತ್ತನೇ ಶತಮಾನದ ಮರಾಠಿ ಸಮಾಜ ಸುಧಾರಕ, ಪತ್ರಕರ್ತ ಆಗರಕರರ ಬಗ್ಗೆ ನಾನು ಬರೆದ ಪುಸ್ತಕದ ಮೊದಲ ಮುನ್ನೂರು ಪ್ರತಿ ಖಾಲಿ. ಎರಡನೇ ಮುದ್ರಣಕ್ಕೆ ಕೊಟ್ಟಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ “ಗೋಪಾಳ ಗಣೇಶ ಆಗರಕರರ ಬಗ್ಗೆ ಕನ್ನಡದಾಗ ಯಾರು ಓದ್ತಾರ್ರೀ?” ಅಂದವರು ನಮ್ಮ ಬೆಳಗಾವಿಯಲ್ಲೇ ಹತ್ತು ಜನ ಇದ್ದರು.

ಜೀವನಚರಿತ್ರೆ ಬರೆಯುವವರಿಗೆ ತಾರೀಖು ಹುಡುಕೋದನ್ನು ಹೇಳಿಕೊಡಬೇಕಿಲ್ಲ. ನಾನೂ ಹಾಗೇ ಶುರು ಮಾಡಿದ್ದೆ. ಹುಟ್ಟಿದ್ದು 1856, ಮಹಾರಾಷ್ಟ್ರದ ಕರಾಡದ ಹತ್ತಿರದ ಟೆಂಭು ಊರು. ಹೆಚ್ಚುಕಮ್ಮಿ 160 ಪುಟ ಆಯಿತು. ಪ್ರಕಾಶಕರೊಬ್ಬರು ಎಂಟು ತಿಂಗಳು ಇಟ್ಟುಕೊಂಡು, ಕಟ್ಟಿದ ದಾರ ಕೂಡ ಬಿಚ್ಚದೆ ವಾಪಸ್ ಕಳಿಸಿದರು. ಸಿಟ್ಟು ಬಂತು. ಆಮೇಲೆ ನಾನೇ ಓದಿದೆ. ಮೂವತ್ತನೇ ಪುಟಕ್ಕೆ ತೂಕಡಿಕೆ! ಪುಟಪುಟದಲ್ಲೂ ‘ಧೀಮಂತ’, ‘ನಿರ್ಭೀತ’. ಮನುಷ್ಯ ಮಾತ್ರ ಎಲ್ಲೂ ಇಲ್ಲ.

ನಾಟಕ ಮಾಡಿ ನೋಡಿದೆ. ಮುಂಬಯಿಯ ಡೋಂಗ್ರಿ ಜೈಲಿನಲ್ಲಿ ಆಗರಕರರು ಕಳೆದ 101 ದಿನ. 1881ರಲ್ಲಿ ‘ಕೇಸರಿ’ ಅನ್ನುವ ಮರಾಠಿ ಪತ್ರಿಕೆ ಶುರುವಾಯಿತು, ಮೊದಲ ಸಂಪಾದಕರು ಇವರೇ. ಮರುವರ್ಷವೇ ಕೊಲ್ಹಾಪುರದ ದಿವಾನ ಬರ್ವೆ ಮಾನನಷ್ಟ ಮೊಕದ್ದಮೆ ಹೂಡಿದರು. ಪತ್ರಿಕೆ ನಂಬಿದ್ದ ಕಾಗದಗಳು ಖೋಟಾ ಅಂತಾಯಿತು. ಜೊತೆಗಾರ ಬಾಲ ಗಂಗಾಧರ ತಿಳಕರಿಗೂ ಇವರಿಗೂ ನಾಲ್ಕು ತಿಂಗಳ ಸಜೆ, 101 ದಿನಕ್ಕೆ ಬಿಡುಗಡೆ. ಕಥೆ ಚೆನ್ನಾಗಿದೆ, ಅಲ್ವಾ? ಆದರೆ ಹಾಲ್ ಬಾಡಿಗೆ, ಲೈಟು ಎಲ್ಲ ಸೇರಿ ಹದಿನಾಲ್ಕು ಸಾವಿರ ಹೋಯಿತು. ಬಂದವರು ನಲವತ್ತು ಜನ, ಅರ್ಧ ನಮ್ಮ ಬೀಗರು.

ಕೊನೆಗೆ ನನಗೆ ಗೊತ್ತಿರುವ ಕೆಲಸಕ್ಕೇ ಬಂದೆ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದವನು ನಾನು. ಒಂದು ಕಿರ್ದಿ ಪುಸ್ತಕ ತಂದು ಆಗರಕರರ ಹೆಸರಿಗೆ ಖಾತೆ ತೆರೆದೆ. ದುಡ್ಡಿನ ಮಾತು ಬಂದಲ್ಲೆಲ್ಲ ಒಂದು ಸಾಲು ಬರೆದುಕೊಂಡೆ. ಉಳಿದದ್ದನ್ನು ಬಿಟ್ಟೆ. “ಇದೇನು ಚರಿತ್ರೆಯೋ ಉದ್ರಿ ವಹಿಯೋ?” ಅಂತ ಗೆಳೆಯರು ನಕ್ಕರು.

ಆದರೆ ಹಾಗೆ ನೋಡಿದಾಗಲೇ ಆ ಮನುಷ್ಯ ಕಂಡರು. ಮಗ ದೊಡ್ಡ ಪರೀಕ್ಷೆ ಪಾಸಾಗಿದ್ದಾನೆ, ಇನ್ನು ದೊಡ್ಡ ಪಗಾರ ತರುತ್ತಾನೆ ಅಂತ ಕಾಯಬೇಡ ಎಂದು ತಾಯಿಗೆ ಬರೆದ ಕಾಗದ ಮೊದಲನೇ ಸಾಲು. ತಿಳಕರ ಜೊತೆಗಿನ ಜಗಳವನ್ನು ಎಲ್ಲರೂ ತತ್ತ್ವದ ಜಗಳ ಅಂತಲೇ ಬರೆಯುತ್ತಾರೆ. ಅದು ಸುಳ್ಳಲ್ಲ. 1891ರಲ್ಲಿ ಹುಡುಗಿಯರ ಜೊತೆ ದೈಹಿಕ ಸಂಬಂಧಕ್ಕೆ ಕಾನೂನು ಒಪ್ಪುವ ಕನಿಷ್ಠ ವಯಸ್ಸನ್ನು, ಅಂದರೆ ಸಮ್ಮತಿ ವಯಸ್ಸನ್ನು, ಹತ್ತರಿಂದ ಹನ್ನೆರಡಕ್ಕೆ ಏರಿಸುವಾಗ ಆಗರಕರರು ಪರ, ತಿಳಕರು ವಿರೋಧ. ಆದರೆ ಇಬ್ಬರೂ ಸೇರಿ ಪುಣೆಯಲ್ಲಿ ಕಟ್ಟಿದ ಶಿಕ್ಷಣ ಸಂಸ್ಥೆ ಡೆಕ್ಕನ್ ಎಜುಕೇಶನ್ ಸೊಸೈಟಿಯಲ್ಲಿ ಪಗಾರ, ಹೊರಗಿನ ಗಳಿಕೆ ಅಂತಲೂ ಜಟಾಪಟಿ ನಡೆದಿತ್ತು. 1890ರಲ್ಲಿ ತಿಳಕರು ಸೊಸೈಟಿ ಬಿಟ್ಟದ್ದರ ಹಿಂದೆ ಅದೂ ಇದೆ.

ಇನ್ನೂ ವಿಚಿತ್ರ ಸಾಲು 1888ರದು. ಕೇಸರಿ ಬಿಟ್ಟು ‘ಸುಧಾರಕ’ ತೆಗೆದರು. ಇಂಗ್ಲಿಷ್ ಭಾಗಕ್ಕೆ ಗೋಪಾಲ ಕೃಷ್ಣ ಗೋಖಲೆ. ಚಂದಾ ಕೊಡಬೇಕಾದ ಜನರನ್ನೇ ವಾರವಾರ ರೇಗಿಸುವ ಪತ್ರಿಕೆ! ಸಂಪ್ರದಾಯಸ್ಥರು ಇವರು ಬದುಕಿದ್ದಾಗಲೇ ಇವರ ಶವಯಾತ್ರೆ ತೆಗೆದರು. ಇಂಥ ವ್ಯಾಪಾರಕ್ಕೆ ನಾನಂತೂ ಸಾಲ ಮಂಜೂರು ಮಾಡುತ್ತಿರಲಿಲ್ಲ.

ನಡುವೆ ಒಂದು ಅನುವಾದದ ಹುಚ್ಚೂ ಹತ್ತಿತ್ತು. ‘ಇಷ್ಟ ಅಸೇಲ ತೇ ಬೋಲಣಾರ’ ಅನ್ನುವ ಅವರ ಮಾತನ್ನು ‘ಇಷ್ಟ ಬಂದದ್ದು ಹೇಳುತ್ತೇನೆ’ ಅಂತ ಮಾಡಿದ್ದೆ. ಮರಾಠಿ ಬಲ್ಲ ಸೊಸೆ ಬಿದ್ದು ಬಿದ್ದು ನಕ್ಕಳು. ಅಲ್ಲಿ ಇಷ್ಟ ಅಂದ್ರೆ ಮನಸ್ಸಿಗೆ ಬಂದದ್ದಲ್ಲ, ಹಿತವಾದದ್ದು. ಒಂದು ಶಬ್ದಕ್ಕೆ ವಾರ ಹೋಯಿತು.

ಡಿಟಿಪಿ, ಕಾಗದ, ಬೈಂಡಿಂಗ್ ಸೇರಿ ಇಪ್ಪತ್ತೆಂಟು ಸಾವಿರ ಚಿಲ್ಲರೆ ಬಿತ್ತು. ಹಳೇ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು ಹಾರಿಹೋಗಿ ಬರ್ವೆ ‘ಬವೆ’ ಆದರು. ಮೂರು ರಾತ್ರಿ ಕೂತು ತಿದ್ದಿದೆ. ಆದರೂ ಎರಡು ಕಡೆ ಉಳಿದಿವೆ.

ಪುಸ್ತಕ ಶುರುವಾಗೋದು ಕೊನೆಯಿಂದ. 1895ರಲ್ಲಿ, ನಲವತ್ತೂ ತುಂಬದೆ ತೀರಿಕೊಂಡಾಗ, ತಲೆದಿಂಬಿನ ಕೆಳಗೆ ಒಂದು ಪೊಟ್ಟಣ ಸಿಕ್ಕಿತಂತೆ. ತಮ್ಮ ಅಂತ್ಯಕ್ರಿಯೆಯ ಖರ್ಚಿಗೆ ತಾವೇ ತೆಗೆದಿಟ್ಟ ದುಡ್ಡು. ಆ ಪೊಟ್ಟಣದಿಂದ ಟೆಂಭುವಿಗೆ ಹಿಂದಕ್ಕೆ ಹೇಗೆ ಹೋದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳೋದಿಲ್ಲ. ನೂರಿಪ್ಪತ್ತು ರೂಪಾಯಿ ಕೊಟ್ಟು ಓದಿ.